ಒಡೆಯರು ಸಿಕ್ಕದ ಕೃತಿಗಳು: ದೊಡ್ಡಾಟದ ಹಸ್ತಪ್ರತಿಗಳೂ ಗ್ರಂಥಸ್ವಾಮ್ಯದ ಕಾಯಿದೆಯೂ

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ತಂಬ್ರಹಳ್ಳಿಯೂ ಅದರ ಸುತ್ತಣ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಸೀಮೆಯೂ ದೊಡ್ಡಾಟವು ಬೇರುಬಿಟ್ಟ ನೆಲ. ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಇರುಳುಗಳಲ್ಲಿ, ಒಕ್ಕಲುಮಕ್ಕಳೇ ವೇಷ ಕಟ್ಟಿ ಬೆಳಗಾಗುವವರೆಗೆ ಆಡುವ ಈ ಆಟಗಳ ಪದಗಳೂ ಸಂವಾದಗಳೂ ಬಹುಮಟ್ಟಿಗೆ ಅಚ್ಚಿನ ಮೊಗವನ್ನು ಕಂಡವಲ್ಲ. ಆಟ ಕಲಿಸುವ ಗುರುವಿನ ಕೈಬರಹದಿಂದ ಶಿಷ್ಯನ ಕೈಬರಹಕ್ಕೆ ಇಳಿದು ಬಂದವು. ಇಂತಹ ಪ್ರತಿಗಳನ್ನು ಕಲೆಹಾಕಿ ಶಾಸ್ತ್ರೀಯವಾಗಿ ಸಂಪಾದಿಸಬೇಕೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಸಂಪಾದಕನ ಎದುರಿಗೆ ಪಾಠಾಂತರಗಳ ತೊಡಕಿಗಿಂತ ಮೊದಲೇ ಬಂದು ನಿಲ್ಲುವ ಪ್ರಶ್ನೆ ಬೇರೊಂದು: ಇದನ್ನು ಅಚ್ಚುಹಾಕಿಸಲು ಯಾರ ಅಪ್ಪಣೆಯನ್ನು ಬೇಡತಕ್ಕದ್ದು? ಕವಿಯು ತೀರಿಕೊಂಡು ಎಷ್ಟೋ ಕಾಲವಾಗಿದೆ. ವಾರಸುದಾರರು ಯಾರೆಂಬುದು ಊರಿನವರಿಗೂ ತಿಳಿಯದು.

ಈ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿಲ್ಲದೆ ಇಲ್ಲ. ೧೯೫೭ರ ಗ್ರಂಥಸ್ವಾಮ್ಯದ ಕಾಯಿದೆಗೆ ೧೯೮೩ರಲ್ಲಿ ೩೧-ಎ ಎಂಬ ಹೊಸ ಕಲಮನ್ನು ಸೇರಿಸಿ, ಕರ್ತೃವು ಮೃತನಾಗಿದ್ದರೆ, ಅಜ್ಞಾತನಾಗಿದ್ದರೆ, ಅಥವಾ ಸ್ವಾಮ್ಯವುಳ್ಳವರು ಹುಡುಕಿದರೂ ಸಿಕ್ಕದಿದ್ದರೆ ಅಪ್ರಕಟಿತ ಭಾರತೀಯ ಕೃತಿಯನ್ನು ಪ್ರಕಟಿಸಲು ಅನುಜ್ಞೆ ಬೇಡಬಹುದೆಂದು ವಿಧಿಸಲಾಯಿತು. ೨೦೧೨ರ ತಿದ್ದುಪಡಿಯು ಪ್ರಕಟವಾಗಿಯೂ ಜನರಿಗೆ ದೊರೆಯದಂತಿರುವ ಕೃತಿಗಳನ್ನೂ ಇದರೊಳಕ್ಕೆ ತಂದಿತು. ಕೆನಡಾ ದೇಶದ ೧೯೮೮ರ ಏರ್ಪಾಟು ಪ್ರಕಟಿತ ಕೃತಿಗಳಿಗೆ ಮಾತ್ರ ಅನ್ವಯಿಸುವಂತಹುದಾಗಿದ್ದುದನ್ನು ನೆನೆದರೆ, ಅಪ್ರಕಟಿತವನ್ನೇ ಮೊದಲು ಗಮನಿಸಿದ ಭಾರತದ ಕಾಯಿದೆಯ ಔದಾರ್ಯ ಮೆಚ್ಚತಕ್ಕದ್ದೇ. ಕೈಬರಹದ ಸಾಹಿತ್ಯ ಹೇರಳವಾಗಿರುವ ನಾಡಿಗೆ ಅದು ಉಚಿತವಾದ ಕ್ರಮ.

ಆದರೆ ಅನುಜ್ಞೆಯನ್ನು ಬೇಡುವ ವಿಧಾನವನ್ನು ನೋಡಿದಾಗ ಈ ಮೆಚ್ಚಿಕೆ ನಿಲ್ಲುವುದು ಕಷ್ಟ. ಅರ್ಜಿದಾರನು ಮೊದಲು ತನ್ನ ಉದ್ದೇಶವನ್ನು ದೇಶದ ಹೆಚ್ಚಿನ ಭಾಗದಲ್ಲಿ ಪ್ರಸಾರವುಳ್ಳ ಇಂಗ್ಲಿಷ್ ದಿನಪತ್ರಿಕೆಯೊಂದರ ಒಂದು ಸಂಚಿಕೆಯಲ್ಲಿ ಪ್ರಕಟಿಸಬೇಕು. ಭಾಷಾಂತರಕ್ಕಾಗಿ ಅರ್ಜಿ ಹಾಕುವುದಾದರೆ ಮಾತ್ರ, ಭಾಷಾಂತರವಾಗಬೇಕಾದ ಆ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಇದರ ಫಲವೇನೆಂಬುದನ್ನು ಯೋಚಿಸತಕ್ಕದ್ದು. ಕನ್ನಡದ ಆಟವೊಂದನ್ನು ತೆಲುಗಿಗೆ ತಿರುಗಿಸಬೇಕೆಂದರೆ ತೆಲುಗು ಪತ್ರಿಕೆಯಲ್ಲಿ ಪ್ರಕಟಣೆ ಕಡ್ಡಾಯ; ಅದೇ ಆಟವನ್ನು ಕನ್ನಡದಲ್ಲಿಯೇ ಅಚ್ಚುಹಾಕಿಸಬೇಕೆಂದರೆ ಕನ್ನಡ ಪತ್ರಿಕೆಯಲ್ಲಿ ಒಂದು ಸಾಲೂ ಬೇಕಾಗಿಲ್ಲ. ತಂಬ್ರಹಳ್ಳಿಯಲ್ಲಿಯೋ ಕೊಟ್ಟೂರಿನಲ್ಲಿಯೋ ಇರಬಹುದಾದ ಕವಿಯ ಮೊಮ್ಮಗನ ಕಣ್ಣಿಗೆ ಬೀಳದ ಸ್ಥಳವನ್ನೇ ಆರಿಸಿ ಅವನನ್ನು ಕೂಗಿ ಕರೆದಂತಾಯಿತು. ಅವನು ಓಗೊಡಲಿಲ್ಲವಾದ್ದರಿಂದ ಅವನಿಲ್ಲವೆಂದು ತೀರ್ಮಾನಿಸುವುದು ನ್ಯಾಯದ ಮಾತಲ್ಲ. ಅರ್ಜಿಯನ್ನು ವಿಚಾರಿಸುವ ಅಧಿಕಾರವು ಮೊದಲು ಗ್ರಂಥಸ್ವಾಮ್ಯದ ಮಂಡಲಿಗಿತ್ತು. ೨೦೨೧ರ ಬದಲಾವಣೆಯ ಮೇಲೆ ವಾಣಿಜ್ಯ ನ್ಯಾಯಾಲಯಕ್ಕೆ ಸಂದಿತು. ಹಳ್ಳಿಯ ಆಟದ ಪದಗಳನ್ನು ನೂರಿನ್ನೂರು ಪ್ರತಿ ಅಚ್ಚುಹಾಕಿಸಬಯಸುವ ಅಧ್ಯಾಪಕನು ವ್ಯಾಪಾರದ ವ್ಯಾಜ್ಯಗಳಿಗಾಗಿ ಏರ್ಪಟ್ಟ ಪೀಠದ ಮುಂದೆ ನಿಲ್ಲಬೇಕಾಗಿದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಕರ್ತೃತ್ವದ್ದು. ದೊಡ್ಡಾಟದ ಪ್ರತಿಯಲ್ಲಿ ಪದಗಳು ಒಬ್ಬನವು, ನಡುನಡುವಿನ ಗದ್ಯ ಸಂವಾದಗಳು ಇನ್ನೊಬ್ಬ ಗುರುವಿನವು, ಸಾರಥಿಯ ಹಾಸ್ಯವಂತೂ ಆಡಿದವರೆಲ್ಲರದು ಆಗಿರಬಹುದು. ಮುಗಿವಿನಲ್ಲಿ ಕಾಣುವ ಹೆಸರು ಕೆಲವು ವೇಳೆ ಕವಿಯದು, ಕೆಲವು ವೇಳೆ ಪ್ರತಿಕಾರನದು. ಅಂಕಿತವು ದೈವವನ್ನೂ ಊರನ್ನೂ ಹೇಳೀತು, ವಾರಸುದಾರನನ್ನು ಹೇಳದು. ಈ ನಡುವೆ ಕಾಯಿದೆಯ ೫೨ನೆಯ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಸಾರ್ವಜನಿಕರಿಗೆ ಪ್ರವೇಶವಿರುವ ಪುಸ್ತಕಭಂಡಾರ, ವಸ್ತುಸಂಗ್ರಹಾಲಯ ಮೊದಲಾದ ಸಂಸ್ಥೆಗಳಲ್ಲಿರುವ ಅಪ್ರಕಟಿತ ಕೃತಿಯನ್ನು ಸಂಶೋಧನೆಗಾಗಿ ಅಥವಾ ಪ್ರಕಟಣೆಯ ಉದ್ದೇಶದಿಂದ ಪ್ರತಿಮಾಡಿಕೊಳ್ಳಬಹುದು. ಆದರೆ ಕರ್ತೃವು ಯಾರೆಂಬುದು ಆ ಸಂಸ್ಥೆಗೆ ತಿಳಿದಿದ್ದರೆ, ಅವನು ಸತ್ತು ೬೦ ವರ್ಷ ಕಳೆದಿದ್ದಲ್ಲದೆ ಈ ವಿನಾಯಿತಿ ಸಲ್ಲದು. ಅಂದರೆ ಅಂಕಿತವನ್ನು ಬಿಡಿಸಿ, ಕವಿಯ ಹೆಸರನ್ನು ಶೋಧಿಸಿ ಸೂಚೀಪತ್ರದಲ್ಲಿ ಬರೆದ ಶ್ರದ್ಧಾವಂತ ಸಂಪಾದಕನು ಕೃತಿಗೆ ಬೀಗ ಹಾಕಿದಂತಾಯಿತು. ‘ಕರ್ತೃ ಅಜ್ಞಾತ’ ಎಂದು ಗೀಚಿ ಮುಂದಕ್ಕೆ ಹೋದವನು ಬಾಗಿಲು ತೆರೆದಂತಾಯಿತು. ಹಸ್ತಪ್ರತಿಶಾಸ್ತ್ರವು ಯಾವುದನ್ನು ಗುಣವೆಂದು ಎಣಿಸುತ್ತದೆಯೋ ಅದಕ್ಕೆ ಕಾಯಿದೆಯು ದಂಡ ಹಾಕುತ್ತಿದೆ. ಮನೆಯ ಅಟ್ಟದ ಮೇಲೆ ಗೆದ್ದಲಿನ ಬಾಯಿಗೆ ಬಿದ್ದಿರುವ ಪ್ರತಿಗಂತೂ ಈ ವಿನಾಯಿತಿಯ ಗಾಳಿಯೂ ಸೋಕುವುದಿಲ್ಲ.

ಇನ್ನು ಅವಧಿಯ ವಿಚಾರ. ಕರ್ತೃವು ಬದುಕಿರುವಾಗ ಪ್ರಕಟವಾದ ಕೃತಿಯ ಸ್ವಾಮ್ಯ ಅವನು ಸತ್ತ ಮರುವರ್ಷದ ಆರಂಭದಿಂದ ೬೦ ವರ್ಷ; ೧೯೬೪ರಲ್ಲಿ ತೀರಿಕೊಂಡವನ ಕೃತಿ ೨೦೨೪ರ ಕೊನೆಗೆ ಎಲ್ಲರ ಸೊತ್ತಾಯಿತು. ಮರಣಾನಂತರ ಪ್ರಕಟವಾದುದಕ್ಕಾದರೋ ಪ್ರಕಟಣೆಯಿಂದ ೬೦ ವರ್ಷ. ಆದ್ದರಿಂದ ಎಂದೂ ಪ್ರಕಟವಾಗದ ಕೃತಿಯ ಸ್ವಾಮ್ಯ ಎಂದೂ ತೀರದೆಂಬ ಭಯ ಸಂಪಾದಕರಲ್ಲಿದೆ. ದೊಡ್ಡಾಟದ ಮಟ್ಟಿಗೆ ಈ ಭಯ ಅತಿಯಾದುದು. ಮರಣಾನಂತರದ ಕೃತಿಗಳನ್ನು ಕುರಿತ ೨೪ನೆಯ ಕಲಮಿನ ಎರಡನೆಯ ಉಪಕಲಮು, ಜನರ ಮುಂದೆ ಪ್ರಯೋಗಿಸಲ್ಪಟ್ಟ ನಾಟಕಕೃತಿಯನ್ನು ಪ್ರಕಟವಾದುದೆಂದೇ ಭಾವಿಸತಕ್ಕದ್ದೆಂದು ಹೇಳುತ್ತದೆ. ಜಾತ್ರೆಯಲ್ಲಿ ಒಂದು ಇರುಳು ಆಡಿದ ಆಟವು ಈ ಲೆಕ್ಕದಲ್ಲಿ ಪ್ರಕಟಿತ. ಅಚ್ಚಿನ ಯಂತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡಂತೆ ತೋರುವ ಕಾಯಿದೆಯಲ್ಲಿ ಬಯಲಾಟಕ್ಕೆ ಒದಗುವ ಮಾತು ಇದೊಂದು. ಇದರ ಕಡೆಗೆ ಸಂಪಾದಕರ ಗಮನ ಸಾಲದು.

ಹಾಗಾದರೆ ಆಡಿದ್ದು ಎಂದು? ಪ್ರತಿಯಲ್ಲಿ ಕಾಲಸೂಚನೆ ಇದ್ದರೂ ಅದು ಸಾಮಾನ್ಯವಾಗಿ ಸಂವತ್ಸರದ ಹೆಸರು, ಶಕವರ್ಷವಿರುವುದು ನಿಯಮವಲ್ಲ. ‘ಪ್ರಭವ ಸಂವತ್ಸರ’ ಎಂದಿಷ್ಟೇ ಇದ್ದರೆ ಅದು ೧೮೬೭-೬೮ ಆಗಬಹುದು, ೧೯೨೭-೨೮ ಆಗಬಹುದು, ೧೯೮೭-೮೮ ಕೂಡ ಆಗಬಹುದು. ಸಂವತ್ಸರಚಕ್ರವೂ ಸ್ವಾಮ್ಯದ ಅವಧಿಯೂ ಅರುವತ್ತೇ ವರ್ಷಗಳಾಗಿರುವುದು ಕಾಕತಾಳೀಯ. ಆದರೆ ಒಂದು ಸುತ್ತಿನ ತಪ್ಪು ಎಣಿಕೆಯಾದರೆ ಒಂದು ಪೂರ್ತಿ ಸ್ವಾಮ್ಯದ ಅವಧಿಯೇ ಹೆಚ್ಚುಕಡಮೆಯಾಗುತ್ತದೆ. ಕಾಗದ, ಮಸಿ, ಅಕ್ಷರದ ವಳಿ, ತಿಥಿವಾರಗಳ ಹೊಂದಿಕೆ ಇವುಗಳ ಪರೀಕ್ಷೆ ಇಲ್ಲಿ ನ್ಯಾಯಾಲಯಕ್ಕೆ ಸಾಕ್ಷ್ಯ. ಆ ಸಾಕ್ಷ್ಯವನ್ನು ಒದಗಿಸಬಲ್ಲವನು ವಕೀಲನಲ್ಲ, ಹಸ್ತಪ್ರತಿಗಳ ಪಂಡಿತ.

ಒಡೆಯರು ಗೊತ್ತಿರುವ ಸಂದರ್ಭಕ್ಕೂ ಇದಕ್ಕೂ ಇರುವ ಅಂತರವನ್ನು ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳ ವ್ಯಾಜ್ಯ ತೋರಿಸುತ್ತದೆ. ಕಾರಂತರು ೧೯೯೪ರಲ್ಲಿ ಮರಣಶಾಸನ ಬರೆದಿಟ್ಟಿದ್ದರು. ಆ ಪತ್ರದ ವಾಕ್ಯಗಳನ್ನು ಅರ್ಥೈಸುವುದರ ಮೇಲೆಯೇ ವಾದ ನಡೆದು ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. ಅಲ್ಲಿ ಪತ್ರವಿತ್ತು, ಪಕ್ಷಗಳಿದ್ದುವು. ಕಾಯಿದೆಯ ೨೦ನೆಯ ಕಲಮು, ಅಪ್ರಕಟಿತ ಕೃತಿಯ ಹಸ್ತಪ್ರತಿಯನ್ನು ಮರಣಶಾಸನದಿಂದ ಪಡೆದವನಿಗೆ ಸ್ವಾಮ್ಯವೂ ಸಲ್ಲುವುದೆಂದು ಊಹಿಸುತ್ತದೆ. ಆದರೆ ಆಟದ ವಹಿಗಾಗಿ ಮರಣಶಾಸನ ಬರೆಯುವ ವಾಡಿಕೆ ಹಳ್ಳಿಯಲ್ಲೆಲ್ಲಿದೆ? ವಹಿಯು ಹೋದದ್ದು ಮಗನಿಗಲ್ಲ, ಆಟ ಕಲಿತ ಶಿಷ್ಯನಿಗೆ. ವಹಿಯನ್ನು ಕೊಟ್ಟವನನ್ನೇ ಸ್ವಾಮ್ಯದ ಒಡೆಯನೆಂದು ತಿಳಿದು ಅವನ ಸಹಿ ಪಡೆದು ಅಚ್ಚುಹಾಕಿಸುವ ರೂಢಿಯು ಅನುಕೂಲವಾದುದೇ ಹೊರತು ನ್ಯಾಯಸಮ್ಮತವಲ್ಲ.

ಹಳೆಯ ಕಾಲದಲ್ಲಿ ಇದಕ್ಕಿಂತ ಸರಳವಾದ ಮಾರ್ಗವೊಂದಿತ್ತು. ೧೯೫೩ರವರೆಗೆ ಮದರಾಸಿನ ಆಡಳಿತದಲ್ಲಿದ್ದ ಈ ಸೀಮೆಗೆ, ೧೯೧೪ರ ಭಾರತೀಯ ಕಾಯಿದೆಯ ಮೂಲಕ ಇಂಗ್ಲೆಂಡಿನ ೧೯೧೧ರ ಶಾಸನ ಅನ್ವಯಿಸುತ್ತಿತ್ತು. ಆ ಶಾಸನದಂತೆ ಕರ್ತೃ ಸತ್ತು ೨೫ ವರ್ಷ ಕಳೆದ ಮೇಲೆ, ಪ್ರಕಟಿತ ಕೃತಿಯನ್ನು ಯಾರೇ ಆಗಲಿ ನಿಯಮದಂತೆ ತಿಳಿವಳಿಕೆ ಕೊಟ್ಟು, ಬೆಲೆಯಲ್ಲಿ ಶೇಕಡ ೧೦ರಷ್ಟು ಗೌರವಧನ ಸಲ್ಲಿಸಿ ಅಚ್ಚುಹಾಕಬಹುದಾಗಿತ್ತು. ಯೂರೋಪಿನ ಒಕ್ಕೂಟವು ೨೦೧೨ರಲ್ಲಿ ಬೇರೊಂದು ದಾರಿ ಹಿಡಿದು, ಪುಸ್ತಕಭಂಡಾರ ಮೊದಲಾದುವು ಕೃತಿಯು ಮೊದಲು ಪ್ರಕಟವಾದ ದೇಶದಲ್ಲಿಯೇ ಶ್ರದ್ಧೆಯಿಂದ ಒಡೆಯರನ್ನು ಹುಡುಕಿ ಆ ಹುಡುಕಾಟದ ದಾಖಲೆ ಇಡಬೇಕೆಂದು ವಿಧಿಸಿತು. ಕೃತಿ ಹುಟ್ಟಿದಲ್ಲಿಯೇ ಹುಡುಕಬೇಕೆಂಬ ಈ ತತ್ತ್ವ ಇಂಗ್ಲಿಷ್ ಪತ್ರಿಕೆಯ ಒಂದು ಸಂಚಿಕೆಗಿಂತ ಎಷ್ಟೋ ಮೇಲು.

ವಾರಸುದಾರರ ಹಕ್ಕನ್ನು ಹಗುರವಾಗಿ ಕಾಣಬಾರದೆಂಬ ಆಕ್ಷೇಪಕ್ಕೆ ಈ ಸೀಮೆಯಲ್ಲಿ ವಿಶೇಷ ತೂಕವಿದೆ. ತುಂಗಭದ್ರೆಯ ಅಣೆಕಟ್ಟಿನಿಂದ ಊರುಗಳು ನೀರಿನ ಪಾಲಾದುವು. ಹರಿದಾಸಿ ಹರಪನಹಳ್ಳಿ ಭೀಮವ್ವನವರ ತವರಾದ ನಾರಾಯಣದೇವರಕೆರೆಯೂ ಮುಳುಗಿ, ಅಲ್ಲಿನ ಮನೆತನಗಳು ಮರಿಯಮ್ಮನಹಳ್ಳಿ ಮೊದಲಾದೆಡೆ ನೆಲಸಿದುವು. ಇಂತಹ ಮನೆತನದ ವಾರಸುದಾರನು ಸಿಕ್ಕಲಿಲ್ಲವೆಂದರೆ ಅವನು ಹಕ್ಕನ್ನು ಬಿಟ್ಟುಕೊಟ್ಟನೆಂದಲ್ಲ. ಅವನ ವಿಳಾಸವೇ ನೀರಿನಡಿಯಲ್ಲಿದೆ. ಅವನಿಗಾಗಿ ಗೌರವಧನವನ್ನು ಠೇವಣಿಯಿಡಿಸಲು ೩೧-ಎ ಕಲಮಿನಲ್ಲಿ ಅವಕಾಶವಿರುವುದು ಸರಿಯೇ. ಆದರೆ ಠೇವಣಿಯಿರುವ ಸುದ್ದಿ ಅವನಿಗೆ ಮುಟ್ಟುವ ಬಗೆ ಹೇಗೆ? ಕೃತಿಯ ಹೆಸರು, ಅಂಕಿತ, ಪ್ರತಿ ದೊರೆತ ಊರು ಇಷ್ಟನ್ನು ಕನ್ನಡ ಪತ್ರಿಕೆಯಲ್ಲಿಯೂ, ಊರಿನ ಪಂಚಾಯಿತಿಯ ಕಟ್ಟೆಯಲ್ಲಿಯೂ, ಆಟ ನಡೆಯುವ ಜಾತ್ರೆಯಲ್ಲಿಯೂ ಸಾರಿ, ಮುಳುಗಡೆಯ ಊರಾದರೆ ಜನರು ಹೋಗಿ ನೆಲಸಿದೆಡೆಯಲ್ಲಿಯೂ ಸಾರಿ, ಒಂದು ವರ್ಷ ಕಾದು, ಆಮೇಲೆ ಅರ್ಜಿಯನ್ನು ಎತ್ತಿಕೊಳ್ಳುವಂತೆ ನಿಯಮವಾಗಬೇಕು. ನಿಯಮವಾಗುವ ತನಕವೂ ಸಂಪಾದಕರು ತಾವಾಗಿಯೇ ಹೀಗೆ ಮಾಡಿ, ಮಾಡಿದ್ದನ್ನು ಪೀಠಿಕೆಯಲ್ಲಿ ದಿನಾಂಕಸಹಿತ ನಮೂದಿಸುವುದಕ್ಕೆ ಯಾವ ಕಲಮೂ ಅಡ್ಡಬರುವುದಿಲ್ಲ.