ಜೀವಲಿಪಿ: ಒಂದು ರೂಪಕದ ವಿಮರ್ಶೆ

ರೂಪಕವು ಕಾವ್ಯಕ್ಕೆ ಸೇರಿದುದು, ಶಾಸ್ತ್ರಕ್ಕೆ ಸಲ್ಲದುದು ಎಂಬ ಮಾತು ರೂಢಿಯಲ್ಲಿದೆ. ಆದರೆ ಶಾಸ್ತ್ರಕಾರರು ಹೊಸ ವಸ್ತುವೊಂದನ್ನು ಕಂಡಾಗ ಅದಕ್ಕೆ ಹೆಸರಿಡುವುದು ಬಹುಮಟ್ಟಿಗೆ ರೂಪಕದ ಸಹಾಯದಿಂದಲೇ. ಕಾವ್ಯದ ರೂಪಕ ಕೆಟ್ಟರೆ ರಸಭಂಗವಾದೀತು. ಶಾಸ್ತ್ರದ ರೂಪಕ ಕೆಟ್ಟರೆ ಅದನ್ನು ನಂಬಿದವರ ತಿಳಿವಳಿಕೆಯೇ ದಾರಿ ತಪ್ಪುತ್ತದೆ. ಆನುವಂಶಿಕ ಶಾಸ್ತ್ರದಲ್ಲಿ ಸರ್ವತ್ರ ಬಳಕೆಯಾಗುತ್ತಿರುವ ‘ಲಿಪಿ’ ಎಂಬ ರೂಪಕವು ಈ ದೃಷ್ಟಿಯಿಂದ ವಿಚಾರಾರ್ಹವಾದುದು.

ಈ ರೂಪಕಕ್ಕೆ ಪ್ರಚಾರವನ್ನು ತಂದುಕೊಟ್ಟವರು ಭೌತವಿಜ್ಞಾನಿಗಳಾದ ಎರ್ವಿನ್ ಶ್ರೋಡಿಂಗರ್ ಅವರು. ೧೯೪೩ರಲ್ಲಿ ಡಬ್ಲಿನ್ ನಗರದಲ್ಲಿ ಅವರು ಮಾಡಿದ ಉಪನ್ಯಾಸಗಳು ಮರುವರ್ಷ ‘ಜೀವವೆಂದರೇನು?’ ಎಂಬರ್ಥದ ಗ್ರಂಥವಾಗಿ ಪ್ರಕಟವಾದುವು. ವಂಶಗುಣಗಳನ್ನು ಹೊತ್ತ ವಸ್ತುವನ್ನು ಅವರು ಅಲ್ಲಿ ಸಂಕೇತಲಿಪಿಯೆಂದು ಕರೆದರು. ಆ ಲಿಪಿಯ ಆಧಾರದ್ರವ್ಯ ಡಿಎನ್‌ಎ ಎಂಬುದಕ್ಕೆ ಏವರಿ ಮತ್ತು ಅವರ ಸಂಗಡಿಗರು ಪ್ರಬಲವಾದ ಪ್ರಮಾಣವನ್ನೊದಗಿಸಿದುದು ಅದೇ ೧೯೪೪ರಲ್ಲಿ; ಅದರ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ ಅವರು ತಿಳಿಸಿದುದು ೧೯೫೩ರಲ್ಲಿ. ನಾಲ್ಕೇ ಅಕ್ಷರಗಳು, ಮೂರು ಮೂರರ ಗುಂಪಿಗೆ ಒಂದೊಂದು ಅಮೈನೋ ಆಮ್ಲ ಎಂಬ ಸಂಕೇತವೂ ಮುಂದೆ ಬಿಡಿಸಲ್ಪಟ್ಟಿತು. ಅಷ್ಟರಮಟ್ಟಿಗೆ ರೂಪಕವು ಸಫಲವಾಯಿತೆಂದೇ ಹೇಳಬೇಕು.

ಆದರೆ ಲಿಪಿಯು ತನ್ನನ್ನು ತಾನು ಓದಿಕೊಳ್ಳಲಾರದು. ಈ ಕೊರತೆ ಗ್ರಂಥಕರ್ತರ ಅರಿವಿಗೂ ಬಂದಿದ್ದಿತು. ಆದಕಾರಣವೇ ಅವರು ಆ ವಸ್ತುವು ಶಾಸನವೂ ಹೌದು, ಅದನ್ನು ನಡೆಸುವ ಅಧಿಕಾರವೂ ಹೌದು ಎಂಬ ಅಭಿಪ್ರಾಯವನ್ನು ಸೇರಿಸಿದರು. ಅದರಿಂದ ಸಮಸ್ಯೆ ಮರೆಯಾಯಿತೇ ಹೊರತು ಪರಿಹಾರವಾಗಲಿಲ್ಲ.

ಪರಿಹಾರದ ಮೊದಲ ಸ್ಪಷ್ಟ ರೂಪ ಕಂಡುದು ೧೯೬೧ರಲ್ಲಿ, ಫ್ರಾನ್ಸಿನ ಜಾಕೋಬ್ ಮತ್ತು ಮೋನೋ ಅವರ ಪ್ರಬಂಧದಲ್ಲಿ. ಕರುಳಿನ ಒಂದು ಬ್ಯಾಕ್ಟೀರಿಯವು ಹಾಲಿನ ಸಕ್ಕರೆಯನ್ನೊಡೆಯುವ ಕಿಣ್ವವನ್ನು ಆ ಸಕ್ಕರೆ ದೊರೆತಾಗ ಮಾತ್ರ ಹೇರಳವಾಗಿ ತಯಾರಿಸುತ್ತದೆ. ಸಕ್ಕರೆಯಿಲ್ಲದಾಗ ತಡೆಗಾರ ಪ್ರೋಟೀನೊಂದು ಡಿಎನ್‌ಎಯ ಮೇಲೆ ಕುಳಿತು ವಾಚನವನ್ನು ನಿಲ್ಲಿಸುತ್ತದೆ. ಅಕ್ಷರಗಳು ಎರಡು ಸಂದರ್ಭಗಳಲ್ಲಿಯೂ ಅವೇ; ಬೇರೆಯಾದುದು ಪ್ರಕರಣ. ಮನುಷ್ಯನ ಯಕೃತ್ತಿನ ಕೋಶಕ್ಕೂ ನರಕೋಶಕ್ಕೂ ಇರುವ ಭೇದವೂ ಮುಖ್ಯವಾಗಿ ಇಂಥದೇ. ಪದದ ಅರ್ಥವನ್ನು ನಿರ್ಣಯಿಸುವ ಸಂಯೋಗ, ವಿಪ್ರಯೋಗ, ಪ್ರಕರಣ ಮೊದಲಾದುವನ್ನು ಭರ್ತೃಹರಿಯು ವಾಕ್ಯಪದೀಯದಲ್ಲಿ ಎಣಿಸಿದ್ದಾನೆ. ಅವನ ವಿಷಯ ಶಬ್ದವೇ ಹೊರತು ಜೀವಕೋಶವಲ್ಲ. ಹೋಲಿಕೆಯನ್ನು ಅತಿಯಾಗಿ ಎಳೆಯಲಾಗದು. ಆದರೂ ಬರೆದುದು ಬೇರೆ, ಅದು ಫಲಿಸುವ ಬಗೆ ಬೇರೆ ಎಂಬ ವಿವೇಕ ನಮ್ಮ ಸಾಹಿತ್ಯಾಧ್ಯಾಪಕರಿಗೆ ಹೊಸದಲ್ಲ.

ಲಿಪಿರೂಪಕದ ಪಕ್ಷದವರು ಸಾಮಾನ್ಯವಾಗಿ ಎತ್ತಿಕೊಡುವ ಉದಾಹರಣೆ ಕುಡಗೋಲುಕಣ ರೋಗ, ಎಂದರೆ ಸಿಕಲ್‌ಸೆಲ್ ರಕ್ತಹೀನತೆ. ಇದು ಅಣುವಿನ ದೋಷದಿಂದ ಬಂದ ರೋಗವೆಂದು ಪಾಲಿಂಗ್ ಮತ್ತು ಸಂಗಡಿಗರು ೧೯೪೯ರಲ್ಲಿ ತೋರಿಸಿದರು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ೧೪೬ ಅಮೈನೋ ಆಮ್ಲಗಳಲ್ಲಿ ಆರನೆಯದೊಂದೇ ಬದಲಾಗಿರುವುದು ಇಂಗ್ರಾಮ್ ಮೊದಲಾದವರ ಶೋಧನೆಗಳಿಂದ ತಿಳಿಯಿತು. ಒಂದಕ್ಷರದ ತಪ್ಪಿಗೆ ಇಷ್ಟು ಯಾತನೆ! ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲವೆಂದು ತೋರುವುದು ಸಹಜ.

ಆದರೆ ಇದೇ ನಿದರ್ಶನ ರೂಪಕದ ವಿರುದ್ಧವೂ ಸಾಕ್ಷಿ ನುಡಿಯುತ್ತದೆ. ರೋಗವನ್ನು ಹೊತ್ತು ಹುಟ್ಟಿದ ಶಿಶುಗಳ ರಕ್ತದಲ್ಲಿ ಕುಡಗೋಲಿನಾಕಾರದ ಕಣಗಳು ವಿರಳವೆಂಬುದನ್ನು ೧೯೪೮ರಲ್ಲಿ ಜಾನೆಟ್ ವಾಟ್ಸನ್ ಎಂಬ ವೈದ್ಯೆ ಗಮನಿಸಿದರು. ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಅವುಗಳನ್ನು ಕಾಯುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ಅದರ ಜೀನು ಬಹುಮಟ್ಟಿಗೆ ಮೌನವಾಗುತ್ತದೆ. ಹಾಗೆ ಮೌನಗೊಳಿಸುವುದರಲ್ಲಿ ಬಿಸಿಎಲ್೧೧ಎ ಎಂಬ ಪ್ರೋಟೀನಿನ ಪಾತ್ರ ೨೦೦೮ರಲ್ಲಿ ಗೊತ್ತಾಯಿತು. ೨೦೨೩ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅನುಮತಿ ಪಡೆದ ಕ್ಯಾಸ್ಗೆವಿ ಚಿಕಿತ್ಸೆಯು ರೋಗಿಯದೇ ರಕ್ತಮೂಲಕೋಶಗಳಲ್ಲಿ ಆ ಪ್ರೋಟೀನನ್ನು ಪ್ರಚೋದಿಸುವ ಭಾಗವನ್ನು ಕತ್ತರಿಸಿ, ಮೌನವಾದ ಜೀನನ್ನು ಮತ್ತೆ ಮಾತನಾಡಿಸುತ್ತದೆ. ತಪ್ಪಾದ ಅಕ್ಷರ ಇದ್ದಂತೆಯೇ ಇರುತ್ತದೆ. ಅಕ್ಷರವನ್ನೇ ತಿದ್ದುವ ಪ್ರಯತ್ನಗಳೂ ನಡೆದಿವೆ; ಆದರೆ ಮೊದಲು ಕೈಗೂಡಿದುದು ವಾಚನದ ನಿಯಂತ್ರಣ. ಬಹುಕಾಲದಿಂದ ಬಳಕೆಯಲ್ಲಿರುವ ಹೈಡ್ರಾಕ್ಸಿಯೂರಿಯ ಎಂಬ ಅಗ್ಗದ ಔಷಧವೂ ಭ್ರೂಣದ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿಯೇ ಬಹುಮಟ್ಟಿಗೆ ಉಪಶಮನವನ್ನು ಕೊಡುತ್ತದೆ.

ಕನ್ನಡದಲ್ಲಿ ಈ ವಿವೇಚನೆಗೆ ವಿಶೇಷವಾದ ಪ್ರಯೋಜನವುಂಟು. ನಮ್ಮ ನುಡಿಯಲ್ಲಿ ‘ಬರೆದದ್ದು’ ಎಂದರೆ ಹಣೆಬರಹ, ತಪ್ಪಿಸಲಾಗದ್ದು. ಈ ರೋಗ ನೀಲಗಿರಿಯ ಜನರಲ್ಲಿರುವುದು ೧೯೫೨ರಲ್ಲಿ ವರದಿಯಾಯಿತು. ಮೈಸೂರು, ಚಾಮರಾಜನಗರ ಸೀಮೆಯ ಬುಡಕಟ್ಟುಗಳಲ್ಲಿಯೂ ಉಂಟು. ೨೦೨೩ರಲ್ಲಿ ಭಾರತ ಸರಕಾರವು ರಾಷ್ಟ್ರೀಯ ತಪಾಸಣಾ ಕಾರ್ಯವನ್ನು ಆರಂಭಿಸಿತು. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷವನ್ನು ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರೇ. ಅಂಥವರಿಗೆ ‘ನಿಮ್ಮಲ್ಲಿ ಹೀಗೆಂದು ಬರೆದಿದೆ’ ಎಂದು ತಿಳಿಸಿದರೆ ಶಾಸ್ತ್ರವಾಕ್ಯವೇ ಶಾಪವಾಗಿ ಕೇಳಿಸೀತು. ರೋಗಿಯಾದವರು ಔಷಧದಲ್ಲಿಯೇ ನಂಬಿಕೆ ಬಿಟ್ಟಾರು.

ಹಾಗೆಂದು ಲಿಪಿಯ ರೂಪಕವನ್ನು ತೊರೆಯಬೇಕಾಗಿಲ್ಲ. ಅದರ ಸಂಗಡ ‘ಅಭಿವ್ಯಕ್ತಿ’ಯನ್ನೂ ಬಿಡದೆ ಹೇಳಬೇಕು. ಒಳಗಿರುವುದು ಸಾಮಗ್ರಿ ಕೂಡಿದಾಗ ತೋರಿಬರುತ್ತದೆ ಎಂಬ ಅಲಂಕಾರಶಾಸ್ತ್ರದ ಧ್ವನಿ ಆ ಪದದಲ್ಲಿದೆ. ಅದಕ್ಕೂ ಮಿತಿಯುಂಟು: ಕಾವ್ಯದಲ್ಲಿ ಸಹೃದಯನು ಬೇರೆ, ಕೃತಿ ಬೇರೆ, ಕೋಶದಲ್ಲಿ ಓದುವ ಪ್ರೋಟೀನುಗಳೂ ಅದೇ ಲಿಪಿಯಿಂದ ಹುಟ್ಟಿದುವು. ಈ ಮಿತಿಯನ್ನು ಬೋಧಕನು ಪಾಠದಲ್ಲಿಯೇ ತಿಳಿಸಿದರೆ ರೂಪಕವು ವಿದ್ಯಾರ್ಥಿಗೆ ಉಪಕಾರಿಯಾಗಿ ಉಳಿಯುವುದು.