ನೋಡುಗರ ನ್ಯಾಯ: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪರಿಸರದ ಸಿನಿಮಾ-ಕಿರುತೆರೆ ಚರ್ಚೆ ಮತ್ತು ಮೌಖಿಕ ವಿಮರ್ಶೆ

ಪ್ರವೇಶ

ಜಾನಪದ ಕ್ಷೇತ್ರಕಾರ್ಯದಲ್ಲಿ ಹಾಡು ದಾಖಲಾಗುತ್ತದೆ, ಕಥೆ ದಾಖಲಾಗುತ್ತದೆ. ಹಾಡು ಮುಗಿದ ಮೇಲೆ ಅಂಗಳದಲ್ಲಿ ಕುಳಿತವರು ಹೇಳುವ ಒಪ್ಪು-ತಪ್ಪುಗಳು ಬಹುಮಟ್ಟಿಗೆ ದಾಖಲೆಯಿಂದ ಹೊರಗೇ ಉಳಿಯುತ್ತವೆ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ 1966ರಲ್ಲಿ ಈ ಕೊರತೆಯತ್ತ ಗಮನ ಸೆಳೆದರು. ಪಠ್ಯದ ಜೊತೆಗೆ, ಆ ಪಠ್ಯದ ಬಗ್ಗೆ ಅದರ ವಾರಸುದಾರರೇ ಮಾಡುವ ವ್ಯಾಖ್ಯಾನ ಮತ್ತು ಮೌಲ್ಯಮಾಪನವನ್ನೂ ಸಂಗ್ರಹಿಸಬೇಕೆಂಬುದು ಅವರ ವಾದವಾಗಿತ್ತು. ಇದನ್ನು ಅವರು ಮೌಖಿಕ ಸಾಹಿತ್ಯ ವಿಮರ್ಶೆ ಎಂದು ಕರೆದರು.

ಈ ಪರಿಕಲ್ಪನೆಯನ್ನು ಬಯಲಾಟ, ಲಾವಣಿ, ಹಂತಿ ಪದಗಳಿಗೆ ಅನ್ವಯಿಸಲು ಯಾರೂ ಹಿಂಜರಿಯುವುದಿಲ್ಲ. ಆದರೆ ಅದೇ ಬಯಲಾಟದ ಪ್ರೇಕ್ಷಕ ಸಿನಿಮಾ ನೋಡಿ ಬಂದು ಚಹಾದಂಗಡಿಯಲ್ಲಿ ಚರ್ಚೆಗೆ ಕುಳಿತರೆ, ಅಥವಾ ಧಾರಾವಾಹಿ ಮುಗಿದ ಮೇಲೆ ಹೆಣ್ಣುಮಕ್ಕಳು ಅದರ ಗುಣದೋಷಗಳನ್ನು ಎಣಿಸಿದರೆ, ಅದು ಕೇವಲ ‘ಅಭಿಮಾನಿಗಳ ಮಾತು’ ಎನಿಸಿಕೊಳ್ಳುತ್ತದೆ. ಈ ವಿಂಗಡಣೆ ಎಷ್ಟು ಸರಿ ಎಂಬುದು ಪ್ರಸ್ತುತ ಲೇಖನದ ಮೂಲ ಪ್ರಶ್ನೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪರಿಸರವನ್ನು ಮುಂದಿಟ್ಟುಕೊಂಡು, ಜನಪ್ರಿಯ ದೃಶ್ಯಮಾಧ್ಯಮವನ್ನು ಅಳೆಯಲು ಜನಪದರ ಬಳಿ ಮೊದಲೇ ಅಳತೆಗೋಲುಗಳಿದ್ದವು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪ್ರದೇಶ ಮತ್ತು ಪ್ರೇಕ್ಷಕ

ಈ ನಾಲ್ಕು ಕೇಂದ್ರಗಳ ನಡುವಿನ ಅಂತರ ಕಡಿಮೆ. ಬದುಕಿನ ವೈವಿಧ್ಯ ಹೆಚ್ಚು. ಕಾಗದ ಕಾರ್ಖಾನೆಯಿಂದಾಗಿ ಬೆಳೆದ ದಾಂಡೇಲಿ ಹಲವು ಭಾಷೆಗಳ ಕಾರ್ಮಿಕರ ಊರು. ಹಳಿಯಾಳ ಕುಸ್ತಿಗೆ ಹೆಸರಾದ, ಮರಾಠಿ ಮತ್ತು ಕನ್ನಡ ಎರಡೂ ಕೇಳಿಬರುವ ತಾಲ್ಲೂಕು. ಜೋಯಿಡಾದಲ್ಲಿ ಕೊಂಕಣಿಯಾಡುವ ಕುಣಬಿಗಳ ನೆಲೆಯಿದೆ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ಧಾರವಾಡ ಸೀಮೆಯ ಕನ್ನಡಕ್ಕೆ ಹತ್ತಿರವಿರುವ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ವಸತಿಯೂ ಇದೆ. ಈ ಎಲ್ಲದರ ನಡುವೆ ಗೌಳಿಗರ ದೊಡ್ಡಿಗಳು ಮತ್ತು ಆಫ್ರಿಕಾ ಮೂಲದ ಸಿದ್ದಿಗಳ ಹಳ್ಳಿಗಳು ಹರಡಿಕೊಂಡಿವೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರೂ ಧರ್ಮದವರಿದ್ದಾರೆ. ಟಿ.ಸಿ. ಪಾಲಾಕ್ಷಪ್ಪನವರು 1976ರಷ್ಟು ಹಿಂದೆಯೇ ಈ ಸಮುದಾಯವನ್ನು ಕುರಿತು ಗ್ರಂಥ ಪ್ರಕಟಿಸಿದ್ದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಇಂತಹ ಪರಿಸರದಲ್ಲಿ ‘ಕನ್ನಡ ಪ್ರೇಕ್ಷಕ’ ಎಂಬ ಏಕವಚನ ಸಾಲದು. ಒಂದೇ ಚಿತ್ರವನ್ನು ಕಾರ್ಖಾನೆಯ ಕಾರ್ಮಿಕನೂ, ಕಾಡಿನೊಳಗಿನ ಕುಣಬಿಯೂ, ಸಿದ್ದಿ ಯುವತಿಯೂ ನೋಡುತ್ತಾರೆ. ಮೂವರ ಮೆಚ್ಚುಗೆ ಒಂದೇ ಇದ್ದರೂ ಆಕ್ಷೇಪಗಳು ಬೇರೆಯಾಗಿರುತ್ತವೆ. ಮೌಖಿಕ ವಿಮರ್ಶೆಯ ಅಧ್ಯಯನಕ್ಕೆ ಹೆಚ್ಚು ಒದಗಿಬರುವುದು ಈ ಆಕ್ಷೇಪಗಳೇ.

ಮೊದಲೇ ಇದ್ದ ಅಳತೆಗೋಲುಗಳು

ಜನಪದ ಸಮಾಜದಲ್ಲಿ ಕಲೆಯನ್ನು ಒರೆಗೆ ಹಚ್ಚುವ ಮಾತು ಕಸುಬಿನೊಳಗೇ ಅಡಗಿರುತ್ತದೆ. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿ ಇದಕ್ಕೆ ಒಳ್ಳೆಯ ಉದಾಹರಣೆ. ಇದನ್ನು ಅವರು ಕವಂದ್ ಎನ್ನುತ್ತಾರೆ. ಅದರ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ‘ಫೂಲ’ ಎಂಬ ಹೂವುಗಳನ್ನು ಕೂಡಿಸುವವರೆಗೆ ಕೌದಿ ಪೂರ್ಣವಾಗುವುದಿಲ್ಲ. ಹೂವಿಲ್ಲದ ಕೌದಿ ಬತ್ತಲೆಯೆಂಬ ಭಾವನೆ ಅವರಲ್ಲಿರುವುದನ್ನು ಈ ಕಲೆಯ ಅಧ್ಯಯನಕಾರ ಹೆನ್ರಿ ಡ್ರೂವಲ್ ಗುರುತಿಸಿದ್ದಾರೆ. ಹೊದೆಯಲು ಹೂವು ಬೇಕಿಲ್ಲ. ಆದರೂ ಅದಿಲ್ಲದೆ ಕೆಲಸ ಮುಗಿದಂತಲ್ಲ ಎನ್ನುವಲ್ಲಿ ಉಪಯೋಗವನ್ನು ಮೀರಿದ ಸೌಂದರ್ಯದ ನಿಯಮವೊಂದು ಇದೆ.

ಬಯಲಾಟದ ಪ್ರೇಕ್ಷಕನಿಗೂ ಇಂತಹ ನಿಯಮಗಳು ಗೊತ್ತು. ಕಥೆ ಅವನಿಗೆ ಮೊದಲೇ ತಿಳಿದಿರುವುದರಿಂದ ಮುಂದೇನಾಗುವುದೆಂಬ ಕುತೂಹಲಕ್ಕಿಂತ ಹೇಗೆ ಆಡಿದರು ಎಂಬ ಪರಿಶೀಲನೆಯೇ ಅಲ್ಲಿ ಮುಖ್ಯ. ಪಾತ್ರಕ್ಕೆ ತಕ್ಕ ಮಾತು, ಮಾತಿಗೆ ತಕ್ಕ ಹೆಜ್ಜೆ, ಹೆಜ್ಜೆಗೆ ತಕ್ಕ ತಾಳ ಇವೆಯೇ ಎಂದು ಅವನು ನೋಡುತ್ತಾನೆ. ಇನ್ನು ಸಿದ್ದಿಗಳ ಡಮಾಮಿ ಕುಣಿತದಲ್ಲಿ ನೋಡುವವರು ಮತ್ತು ಕುಣಿಯುವವರ ನಡುವಿನ ಗೆರೆ ತೆಳುವಾದುದು. ಈಗ ನೋಡುತ್ತ ನಿಂತವರು ಮುಂದಿನ ಸುತ್ತಿಗೆ ಕುಣಿಯುವವರು. ತಾನೂ ಮಾಡಬಲ್ಲೆನೆಂಬ ಅರಿವಿನಿಂದ ಹುಟ್ಟಿದ ವಿಮರ್ಶೆಗೆ ಬೇರೆಯದೇ ಅಧಿಕಾರವಿದೆ.

ಈ ಎಲ್ಲವುಗಳಿಂದ ಮೂರು ಅಳತೆಗೋಲುಗಳನ್ನು ಗುರುತಿಸಬಹುದು. ಮೊದಲನೆಯದು ಹೊಂದಿಕೆ: ತೋರಿಸಿದ್ದು ಬದುಕಿಗೆ ಹೊಂದುತ್ತದೆಯೇ? ಎರಡನೆಯದು ಹಕ್ಕು: ಇದನ್ನು ಆಡುವವರು ಯಾರು? ಮೂರನೆಯದು ಜಾಗ: ಇದು ಆಡಬೇಕಾದ ಜಾಗದಲ್ಲೇ ನಡೆಯುತ್ತಿದೆಯೇ? ಜನಪ್ರಿಯ ಚಿತ್ರಗಳ ಗುಣದೋಷ ಚರ್ಚೆ ಈ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ.

ಕಾಡಿನ ಎರಡು ಚಿತ್ರಗಳು

1973ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಡಾ. ರಾಜ್‌ಕುಮಾರ್ ಅರಣ್ಯಾಧಿಕಾರಿಯ ಪಾತ್ರ ವಹಿಸಿದರು. ಕಾಡನ್ನು ಕಳ್ಳಸಾಗಣೆಯಿಂದ ಉಳಿಸುವ ನಾಯಕ ಇಲ್ಲಿ ಸರ್ಕಾರದ ಸಮವಸ್ತ್ರ ತೊಟ್ಟವನು. ಸುಮಾರು ಅರ್ಧ ಶತಮಾನದ ನಂತರ, 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ರಿಷಬ್ ಶೆಟ್ಟಿಯವರ ‘ಕಾಂತಾರ’ದಲ್ಲಿ ಸಂಬಂಧ ತಿರುವುಮುರುವಾಯಿತು. ಅಲ್ಲಿ ನಾಯಕ ಕಾಡಿನಂಚಿನ ಹಳ್ಳಿಯವನು. ಚಿತ್ರದ ಬಹುಭಾಗದಲ್ಲಿ ಅವನಿಗೆ ಎದುರಾಗಿ ನಿಲ್ಲುವವನು ಅರಣ್ಯಾಧಿಕಾರಿ.

ನಗರದ ಪ್ರೇಕ್ಷಕನಿಗೆ ಇವೆರಡೂ ಕಾಡಿನ ಚೆಲುವಿನ, ನಾಯಕನ ಸಾಹಸದ ಚಿತ್ರಗಳು. ಜೋಯಿಡಾದ ಪ್ರೇಕ್ಷಕನ ಸ್ಥಿತಿ ಬೇರೆ. 1956ರಲ್ಲಿ ಘೋಷಣೆಯಾದ ದಾಂಡೇಲಿ ಅಭಯಾರಣ್ಯ, ಅನಂತರದ ಅಣಶಿ ರಾಷ್ಟ್ರೀಯ ಉದ್ಯಾನ, ಇವೆರಡನ್ನೂ ಕೂಡಿಸಿ 2007ರಲ್ಲಿ ಆದ ಹುಲಿ ಸಂರಕ್ಷಿತ ಪ್ರದೇಶ ಮತ್ತು 2015ರಲ್ಲಿ ಅದಕ್ಕೆ ಬಂದ ‘ಕಾಳಿ’ ಎಂಬ ಹೆಸರು, ಇವೆಲ್ಲ ಅವನಿಗೆ ಮನೆಯ ಗಡಿಯನ್ನು ಬದಲಿಸಿದ ಆದೇಶಗಳು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಪಂಗಡದ ಮಾನ್ಯತೆಗಾಗಿ ಬಹುಕಾಲದಿಂದ ಬೇಡಿಕೆ ಇಟ್ಟಿರುವ ಕುಣಬಿಗಳಿಗೆ ಈ ಷರತ್ತಿನ ಭಾರ ಚೆನ್ನಾಗಿ ಗೊತ್ತು.

ಈ ಹಿನ್ನೆಲೆಯಲ್ಲಿ ‘ಕಾಂತಾರ’ದ ಗುಣವೂ ದೋಷವೂ ಒಂದೇ ಕಡೆ ಕಾಣುತ್ತವೆ. ಕಾಡಿನ ಜನರನ್ನು ಅತಿಕ್ರಮಣದಾರರೆಂದು ಕರೆಯುವ ಭಾಷೆಗೆ ಎದುರಾಗಿ, ಅವರ ಕಡೆಯಿಂದ ಕಥೆ ಹೇಳಿದ್ದು ಅದರ ಗುಣ. ಹೊಂದಿಕೆಯ ಪರೀಕ್ಷೆಯಲ್ಲಿ ಅದರ ಮೊದಲರ್ಧ ಗೆಲ್ಲುತ್ತದೆ. ಆದರೆ ಚಿತ್ರದಲ್ಲಿ ಭೂಮಿಯ ಹಕ್ಕು ನಿಂತಿರುವುದು ರಾಜನ ವಾಗ್ದಾನ ಮತ್ತು ದೈವದ ಸಾಕ್ಷಿಯ ಮೇಲೆ. ಕೊನೆಗೆ ದುಷ್ಟತನವೆಲ್ಲ ಒಬ್ಬ ಭೂಮಾಲೀಕನ ತಲೆಗೆ ಬಂದು, ಅಧಿಕಾರಿ ಹಳ್ಳಿಯವರ ಪಕ್ಷ ಸೇರುತ್ತಾನೆ. ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ತಿರುಗುವವನಿಗೆ ಇಂತಹ ಪರಿಹಾರ ಒಂದು ರಾತ್ರಿಯ ಸಮಾಧಾನ ಕೊಡಬಹುದು. ಅವನ ಪ್ರಶ್ನೆಯಂತೂ ಇದ್ದಲ್ಲೇ ಇರುತ್ತದೆ. ನಾಯಕಿಯನ್ನು ನಾಯಕ ನಡೆಸಿಕೊಳ್ಳುವ ರೀತಿಯ ಬಗ್ಗೆ ಕೇಳಿಬಂದ ಆಕ್ಷೇಪವೂ ಹೊಂದಿಕೆಯ ಪ್ರಶ್ನೆಯೇ ಆಗಿದೆ: ನ್ಯಾಯ ಕೇಳುವ ಕಥೆಯೊಳಗೇ ಒಂದು ಅನ್ಯಾಯ ತಮಾಷೆಯಾಗಿ ಸಾಗಿಹೋಗುತ್ತದೆ.

ಜಾಗದ ಪ್ರಶ್ನೆಯನ್ನು ಈ ಚಿತ್ರದಷ್ಟು ತೀವ್ರವಾಗಿ ಎತ್ತಿದ ಇನ್ನೊಂದು ಕನ್ನಡ ಚಿತ್ರವಿಲ್ಲ. 2025ರ ಅಕ್ಟೋಬರ್‌ನಲ್ಲಿ ಅದರ ಪೂರ್ವಕಥೆ ಬಂದಾಗ ಕೆಲವು ಪ್ರೇಕ್ಷಕರು ಚಿತ್ರಮಂದಿರಗಳಲ್ಲಿ ದೈವದ ವೇಷ, ಆವೇಶಗಳನ್ನು ಅನುಕರಿಸಿದರು. ಅದಕ್ಕೆ ಕರಾವಳಿಯ ದೈವಾರಾಧಕರಿಂದ ವಿರೋಧ ಬಂತು. ಘಟ್ಟದ ಮೇಲಿನ ಈ ತಾಲ್ಲೂಕುಗಳು ಭೂತಕೋಲದ ಸೀಮೆಯಲ್ಲ. ಆದರೆ ಹಿರಿಯರ ಆರಾಧನೆ ಇಲ್ಲಿನ ಸಿದ್ದಿಗಳಲ್ಲಿದೆ. ಯಾವುದನ್ನು ಎಲ್ಲರೆದುರು ಆಡಬಹುದು, ಯಾವುದನ್ನು ಮನೆಯೊಳಗಷ್ಟೇ ನಡೆಸಬೇಕು ಎಂಬ ವಿವೇಕ ಅವರಿಗೂ ಪರಿಚಿತವಾದುದೇ.

ಬಳಿದ ಬಣ್ಣ, ಸ್ವಂತ ಮುಖ

ಹಕ್ಕಿನ ಪ್ರಶ್ನೆ ಸಿದ್ದಿಗಳ ಸಂದರ್ಭದಲ್ಲಿ ಬಹಳ ಚುರುಕಾದುದು. 1983ರಲ್ಲಿ ಬಂದ ಕಮಾಲ್ ಅಮ್ರೋಹಿ ಅವರ ‘ರಜಿಯಾ ಸುಲ್ತಾನ್’ ಹಿಂದಿ ಚಿತ್ರದಲ್ಲಿ ಅಬಿಸೀನಿಯಾ ಮೂಲದ ಯಾಕೂತನ ಪಾತ್ರವನ್ನು ಧರ್ಮೇಂದ್ರ ಮುಖಕ್ಕೆ ಕಪ್ಪು ಬಳಿದುಕೊಂಡು ಅಭಿನಯಿಸಿದರು. ಭಾರತದ ಚರಿತ್ರೆಯಲ್ಲಿ ಹಬ್ಶಿಗಳಿದ್ದರೆಂದು ಆ ಚಿತ್ರ ಒಪ್ಪಿಕೊಂಡಿತು. ಅವರ ಸಂತತಿಯವರು ಇನ್ನೂ ಇದ್ದಾರೆಂಬುದು ಪಾತ್ರವರ್ಗದ ಆಯ್ಕೆಯಲ್ಲಿ ಎಲ್ಲಿಯೂ ಕಾಣಲಿಲ್ಲ. ಸ್ವಂತ ನಾಡಿನಲ್ಲೇ ‘ನೀವು ಯಾವ ದೇಶದವರು’ ಎಂಬ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸುವ ಸಮುದಾಯಕ್ಕೆ ಇದು ಕೇವಲ ಪ್ರಸಾಧನದ ದೋಷವಾಗಿ ಉಳಿಯುವುದಿಲ್ಲ.

ಇದೇ 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಬೇರೊಂದು ದಾರಿ ತೋರಿಸಿತ್ತು. ನೈಜೀರಿಯಾದ ಚಿನುವ ಅಚಿಬೆಯ ಪ್ರಸಿದ್ಧ ಕಾದಂಬರಿಯ ಕನ್ನಡ ರಂಗರೂಪವನ್ನು ಸಿದ್ದಿಗಳೇ ಅಭಿನಯಿಸಿದರು. ಅಲ್ಲಿ ಬಣ್ಣ ಬಳಿಯುವ ಅಗತ್ಯವಿರಲಿಲ್ಲ. 1973ರಲ್ಲಿ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟ ಕೆ.ವಿ. ಸುಬ್ಬಣ್ಣನವರ ನಂಬಿಕೆಯೂ ಇದೇ ಬಗೆಯದು: ಓದು ಬಾರದವನಿಗೂ ನೋಟ ಬರುತ್ತದೆ. ಮುಂದೆ ನೀನಾಸಮ್‌ನಲ್ಲಿ ತರಬೇತಿ ಪಡೆದ ಯಲ್ಲಾಪುರ ಕಡೆಯ ಪ್ರಶಾಂತ್ ಸಿದ್ದಿ 2011ರ ‘ಪರಮಾತ್ಮ’ ಚಿತ್ರದಿಂದ ಕನ್ನಡ ಪ್ರೇಕ್ಷಕರಿಗೆ ಪರಿಚಿತರಾದರು. ಸಮುದಾಯದ ಹೆಸರೇ ನಟನ ಹೆಸರಾಗಿ ತೆರೆಗೆ ಬಂತು.

2021ರಲ್ಲಿ ದುನಿಯಾ ವಿಜಯ್ ನಿರ್ದೇಶನದ ‘ಸಲಗ’ ಚಿತ್ರಕ್ಕಾಗಿ ಚರಣ್ ರಾಜ್ ಸಂಗೀತ ನೀಡಿದ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿನಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮೊದಲಾದವರ ಕಂಠವಿತ್ತು. ಹಾಡು ರಾಜ್ಯದಾದ್ಯಂತ ಹರಡಿತು. ಇದರ ಮೌಲ್ಯಮಾಪನದಲ್ಲಿ ಎರಡು ವಾದಗಳು ಸಾಧ್ಯ, ಎರಡಕ್ಕೂ ಬಲವಿದೆ. ಜನಪದ ಧಾಟಿಗಳನ್ನು ಹೆಸರಿಲ್ಲದೆ ಎತ್ತಿಕೊಂಡು ಬಂದ ಚಿತ್ರಸಂಗೀತದ ಇತಿಹಾಸದಲ್ಲಿ ಹಾಡಿದವರ ಮುಖ, ಹೆಸರು, ದನಿ ಮೂರೂ ಒಟ್ಟಿಗೆ ಬಂದದ್ದು ದೊಡ್ಡ ಹೆಜ್ಜೆ ಎಂಬುದು ಒಂದು. ಹಾಡು ಘಟ್ಟದ ಮೇಲಿನ ಕಾಡಿನದು, ಚಿತ್ರದ ಕಥೆ ಬೆಂಗಳೂರಿನ ಭೂಗತ ಲೋಕದ್ದು. ಸಿದ್ದಿ ಲಯ ಇಲ್ಲಿ ರಭಸ ತುಂಬಲು ಬಳಕೆಯಾಯಿತೇ ಹೊರತು ಸಿದ್ದಿ ಬದುಕು ಕಥೆಯಾಗಲಿಲ್ಲ ಎಂಬುದು ಇನ್ನೊಂದು. ಹಕ್ಕಿನ ಅಳತೆಯಲ್ಲಿ ಹಾಡು ಗೆಲ್ಲುತ್ತದೆ, ಜಾಗದ ಅಳತೆಯಲ್ಲಿ ಪ್ರಶ್ನೆ ಉಳಿಯುತ್ತದೆ. ಕೌದಿಯ ಮಾತಿನಲ್ಲಿ ಹೇಳುವುದಾದರೆ, ಹೂವು ಸಿದ್ದಿಗಳದು, ಕೌದಿ ಬೇರೆಯವರದು.

ಮನೆಯ ಮಾತು, ತೆರೆಯ ಮಾತು

ಕಿರುತೆರೆಯ ಚರ್ಚೆಯಲ್ಲಿ ಮುಖ್ಯವಾಗುವುದು ಭಾಷೆ. ಕನ್ನಡ ಚಿತ್ರಗಳಲ್ಲಿ ಉತ್ತರ ಕರ್ನಾಟಕದ ಮಾತು ದೀರ್ಘಕಾಲ ಹಾಸ್ಯಪಾತ್ರಗಳ ಪಾಲಿಗೆ ಬಿದ್ದಿತ್ತು. 2000ರ ದಶಕದಲ್ಲಿ ಈಟಿವಿ ಕನ್ನಡದಲ್ಲಿ ಪ್ರಸಾರವಾದ, ವೈಶಾಲಿ ಕಾಸರವಳ್ಳಿಯವರ ನಿರ್ದೇಶನದ ‘ಮೂಡಲ ಮನೆ’ ಆ ಭಾಷೆಗೆ ಗೃಹಕೃತ್ಯ, ದುಃಖ, ಗಾಂಭೀರ್ಯಗಳನ್ನು ಮರಳಿಸಿತು. ಹಳಿಯಾಳ-ಮುಂಡಗೋಡಗಳ ಕನ್ನಡ ಮನೆಗಳಿಗೆ ಇದು ತಮ್ಮ ಮಾತಿಗೆ ಸಿಕ್ಕ ಮರ್ಯಾದೆ. ಅದೇ ಊರಿನ ಕೊಂಕಣಿ, ಮರಾಠಿ ಮನೆಗಳಿಗೆ ಆ ಮಾತು ಸಂತೆಯ ಭಾಷೆಯೇ ಆಗಿ ಉಳಿಯಿತು. ಸಿದ್ದಿಗಳ ಕೊಂಕಣಿಯಾಗಲಿ, ಗೌಳಿಗರ ಮರಾಠಿಯಾಗಲಿ ಕನ್ನಡ ಧಾರಾವಾಹಿಯೊಳಗಿನ ಮನೆಮಾತಾಗುವ ಸಂಭವ ಕಡಿಮೆ.

ಆದ್ದರಿಂದಲೇ ಇಲ್ಲಿನ ಹೆಣ್ಣುಮಕ್ಕಳ ಧಾರಾವಾಹಿ ಚರ್ಚೆಗೆ ವಿಶೇಷ ಮಹತ್ವವಿದೆ. ತಮ್ಮದಲ್ಲದ ಭಾಷೆಯ, ತಮ್ಮದಲ್ಲದ ಸೀರೆ-ಒಡವೆಗಳ ಮನೆಯನ್ನು ನೋಡುತ್ತ ಅವರು ಅತ್ತೆಯ ನಡತೆ, ಸೊಸೆಯ ತಾಳ್ಮೆ, ಗಂಡನ ಮೌನಗಳನ್ನು ತಮ್ಮ ಬಾಳಿನ ತಕ್ಕಡಿಯಲ್ಲಿ ತೂಗುತ್ತಾರೆ. ಬೀಸುವ ಕಲ್ಲಿನ ಪದಗಳಲ್ಲಿ ಅತ್ತೆ-ಸೊಸೆಯರ ನ್ಯಾಯ ತೀರ್ಮಾನಿಸಿದ ಪರಂಪರೆಯೇ ಇಲ್ಲಿ ರೂಪ ಬದಲಿಸಿದೆ. ವ್ಯತ್ಯಾಸವೊಂದೇ: ಪದವನ್ನು ಕಟ್ಟುವ ಅಧಿಕಾರ ಹಿಂದೆ ಅವರ ಕೈಯಲ್ಲಿತ್ತು.

ಅಭಿಮಾನದ ಮಿತಿಗಳು

ಇಷ್ಟೆಲ್ಲ ಹೇಳಿದ ಮೇಲೂ ಅಭಿಮಾನಿಗಳ ಮಾತೆಲ್ಲವೂ ವಿಮರ್ಶೆಯೆಂದು ಒಪ್ಪುವುದು ತಪ್ಪಾಗುತ್ತದೆ. ‘ಗಂಧದ ಗುಡಿ’ಯ ಚಿತ್ರೀಕರಣದ ಸುತ್ತ ಹುಟ್ಟಿದ ವದಂತಿಯೊಂದು ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ಅಭಿಮಾನಿಗಳ ನಡುವೆ ದಶಕಗಳ ಕಾಲದ ಒಡಕಿಗೆ ಕಾರಣವಾಯಿತು. ಚಿತ್ರದ ಗುಣದೋಷ ಅಲ್ಲಿ ಹಿಂದೆ ಸರಿದು, ಯಾರ ಪಕ್ಷ ಎಂಬುದೇ ಮುಂದಾಯಿತು. ವದಂತಿಯೂ ಜಾನಪದದ ಒಂದು ಪ್ರಕಾರ; ಆದರೆ ವಿಮರ್ಶೆಗೆ ಬೇಕಾದ ಅನುಮಾನವನ್ನು ಅದು ಕೊಂದುಹಾಕುತ್ತದೆ. ಬಯಲಾಟದಲ್ಲಿ ಮೆಚ್ಚಿನ ವೇಷಧಾರಿಯೂ ತಾಳ ತಪ್ಪಿದರೆ ಮಾತು ಕೇಳಬೇಕಾಗುತ್ತಿತ್ತು. ತಾರೆಯ ವಿಷಯದಲ್ಲಿ ಆ ಸಲಿಗೆ ಇಲ್ಲ, ಏಕೆಂದರೆ ಅವನು ಮರುದಿನ ಅದೇ ಊರಿನಲ್ಲಿ ಎದುರಾಗುವವನಲ್ಲ.

ಎರಡನೆಯ ಮಿತಿ ಸಮುದಾಯದ ಮಾನಕ್ಕೆ ಸಂಬಂಧಿಸಿದ್ದು. ‘ನಮ್ಮವರು ತೆರೆಗೆ ಬಂದರು’ ಎಂಬ ಸಂತೋಷ ಸಹಜವಾದುದು. ಅದು ‘ಹೇಗೆ ಬಂದರು’ ಎಂಬ ಪ್ರಶ್ನೆಯನ್ನು ಮುಚ್ಚಿದರೆ ಮಾತ್ರ ಹಕ್ಕಿನ ಅಳತೆಗೋಲು ಮೊಂಡಾಗುತ್ತದೆ.

ಸಮಾರೋಪ

ಮೇಲಿನ ಚರ್ಚೆಯಿಂದ ಸ್ಪಷ್ಟವಾಗುವ ಸಂಗತಿಯಿಷ್ಟು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಪ್ರೇಕ್ಷಕ ಸಿನಿಮಾ ಬಂದ ಮೇಲೆ ವಿಮರ್ಶಕನಾದವನಲ್ಲ. ಅಂಗಳ, ಬಯಲು, ಕೌದಿಗಳಿಂದ ಪಡೆದ ಅಳತೆಗೋಲುಗಳನ್ನು ಅವನು ಮತ್ತು ಅವಳು ತೆರೆಯ ಮುಂದೆ ತಂದಿದ್ದಾರೆ. ಹೊಂದಿಕೆ, ಹಕ್ಕು, ಜಾಗ ಎಂಬ ಈ ಮೂರನ್ನು ಪತ್ರಿಕೆಗಳ ಚಿತ್ರವಿಮರ್ಶೆ ಅಪರೂಪಕ್ಕೆ ಮುಟ್ಟುತ್ತದೆ. ಅಲ್ಲಿ ಅಭಿನಯ, ಛಾಯಾಗ್ರಹಣ, ಸಂಗೀತಗಳಿಗೆ ಅಂಕ ದೊರೆಯುತ್ತದೆ; ಕಾಡಿನ ಮನೆಯ ದಾಖಲೆ, ಮುಖದ ಬಣ್ಣ, ಮನೆಮಾತುಗಳಿಗೆ ಅಂಕಣವಿರುವುದಿಲ್ಲ.

ಆದುದರಿಂದ ಮುಂದಿನ ಕ್ಷೇತ್ರಕಾರ್ಯ ಡಮಾಮಿ ಹಾಡನ್ನು ದಾಖಲಿಸಿ ಯಂತ್ರ ನಿಲ್ಲಿಸುವಂತಾಗಬಾರದು. ಹಾಡಿದವರು ಅದೇ ಸಂಜೆ ದೂರದರ್ಶನದ ಮುಂದೆ ಕುಳಿತು ಆಡುವ ಮಾತಿಗೂ ಅದು ಕಿವಿಗೊಡಬೇಕು. ಈ ಸಮುದಾಯಗಳು ಇಷ್ಟು ಕಾಲ ಬೇರೆಯವರ ಕ್ಯಾಮೆರಾಗಳಿಗೆ ನೋಟದ ವಸ್ತುವಾಗಿದ್ದವು. ಅವರು ನೋಡುಗರೂ ಹೌದು, ನೋಡಿ ನ್ಯಾಯ ಹೇಳಬಲ್ಲವರೂ ಹೌದು ಎಂದು ಒಪ್ಪಿಕೊಂಡಲ್ಲಿಂದ ಜಾನಪದ ಅಧ್ಯಯನದ ಈ ಅಧ್ಯಾಯ ಆರಂಭವಾಗಬೇಕಾಗಿದೆ.