ಕೇಳುವವರು ಸುಮ್ಮನಿದ್ದರೆ ಸಾಕ್ಷಿಗೆ ನೆನಪಾಗುತ್ತದೆ

ಅಡಿಕೆ ಒಣಗಿಸುವ ಕಾಲದಲ್ಲಿ ಕೋಣಂದೂರಿನ ಆಸುಪಾಸಿನಲ್ಲಿ ಒಂದು ಕಳವು ಆಯಿತೆನ್ನಿ. ರಾತ್ರೋರಾತ್ರಿ ಅಂಗಳದಿಂದ ಮೂಟೆಗಳು ಮಾಯ. ನಾಯಿ ಬೊಗಳಿದ್ದಕ್ಕೆ ಎದ್ದ ನೆರೆಮನೆಯವರು ರಸ್ತೆಯಲ್ಲಿ ಗಾಡಿಯೊಂದು ತಿರುಗಿದ್ದನ್ನು ಕಂಡಿದ್ದಾರೆ. ಬೆಳಿಗ್ಗೆ ಅವರಿಗೆ ಬೀಳುವ ಮೊದಲ ಪ್ರಶ್ನೆ, “ಬಿಳಿ ಪಿಕಪ್ ಅಲ್ವೇನ್ರಿ?” ಅವರು, “ಹೌದು ಸಾರ್, ಹಂಗೇ ಇತ್ತು” ಎನ್ನುತ್ತಾರೆ. ಗಾಡಿ ಬೂದು ಬಣ್ಣದ್ದಾಗಿದ್ದರೆ ತನಿಖೆ ಅಲ್ಲಿಗೇ ದಾರಿ ತಪ್ಪಿತು.

ಪ್ರಶ್ನೆಯೇ ನೆನಪನ್ನು ತಿದ್ದುತ್ತದೆ ಎಂಬುದನ್ನು ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲೇ ತೋರಿಸಿದ್ದರು. ಅಪಘಾತದ ಒಂದೇ ಚಿತ್ರ ನೋಡಿದವರಲ್ಲಿ ಕೆಲವರನ್ನು ಕಾರುಗಳು ‘ಬಡಿದಾಗ’ ವೇಗ ಎಷ್ಟಿತ್ತು ಎಂದೂ, ಕೆಲವರನ್ನು ‘ನುಜ್ಜುಗುಜ್ಜಾಗುವಂತೆ ಅಪ್ಪಳಿಸಿದಾಗ’ ಎಷ್ಟಿತ್ತು ಎಂದೂ ಕೇಳಿದರು. ವಾರದ ನಂತರ ಮೊದಲ ಗುಂಪಿನಲ್ಲಿ ಶೇ 14, ಎರಡನೆಯದರಲ್ಲಿ ಶೇ 32 ಮಂದಿ ಒಡೆದ ಗಾಜು ಕಂಡೆವೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.

ಇದಕ್ಕೆ ಮದ್ದಾಗಿ ಬಂದದ್ದು ರೊನಾಲ್ಡ್ ಫಿಶರ್, ಎಡ್ವರ್ಡ್ ಗೈಸಲ್ಮನ್ 1980ರ ದಶಕದಲ್ಲಿ ರೂಪಿಸಿದ ‘ಕಾಗ್ನಿಟಿವ್ ಇಂಟರ್‌ವ್ಯೂ’. ಅದರ ಉಪಾಯಗಳು ನಾಲ್ಕು: ಘಟನೆಯ ಹೊತ್ತನ್ನೂ ಜಾಗವನ್ನೂ ಮನಸ್ಸಿನಲ್ಲಿ ಮತ್ತೆ ತಂದುಕೊಳ್ಳುವುದು, ಕ್ಷುಲ್ಲಕವೆನಿಸಿದ್ದನ್ನೂ ಬಿಡದೆ ಹೇಳುವುದು, ಕೊನೆಯಿಂದ ಹಿಂದಕ್ಕೆ ಹೇಳುವುದು, ಬೇರೊಬ್ಬರು ನಿಂತ ಜಾಗದಿಂದ ನೋಡಿದಂತೆ ಹೇಳುವುದು. ನಾಲ್ಕಕ್ಕೂ ಒಂದೇ ಬೆಲೆಯಿಲ್ಲ. ಮೊದಲ ಎರಡು ಗಟ್ಟಿ. ನಾಯಿ ಯಾವ ಕಡೆ ಬೊಗಳುತ್ತಿತ್ತು, ಲೈಟ್ ಹಾಕಿದಿರಾ, ಮಳೆ ಹನಿಯುತ್ತಿತ್ತೇ ಎಂದು ಶುರುಮಾಡಿದರೆ ಗಾಡಿಯ ಹಿಂದಿನ ಹರಿದ ಟಾರ್ಪಾಲು ತಾನಾಗಿ ನೆನಪಿಗೆ ಬಂದೀತು. ಮೂರನೆಯದು ಹೊತ್ತು ತಿನ್ನುತ್ತದೆ, ವಯಸ್ಸಾದವರನ್ನು ದಣಿಸುತ್ತದೆ. ನಾಲ್ಕನೆಯದು ಊಹೆಗೆ ಬಾಗಿಲು ತೆರೆಯುವಂಥದ್ದು, ಬಿಡುವುದೇ ವಾಸಿ. ಅದರ ಬದಲು ಕಣ್ಣು ಮುಚ್ಚಿ ಹೇಳಲು ಬಿಡಬಹುದು. ಇದರಿಂದ ನೆನಪು ಚುರುಕಾಗುತ್ತದೆಂದು ಟಿಮ್ ಪರ್ಫೆಕ್ಟ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು.

1989ರಲ್ಲಿ ಮಯಾಮಿಯ ಡಿಟೆಕ್ಟಿವ್‌ಗಳು ಕಾಗ್ನಿಟಿವ್ ಇಂಟರ್‌ವ್ಯೂ ತರಬೇತಿಯ ನಂತರ ಮೊದಲಿಗಿಂತ ಶೇ 47ರಷ್ಟು ಹೆಚ್ಚು ವಿವರ ಪಡೆದರು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2010ರ ವಿಶ್ಲೇಷಣೆಯಲ್ಲೂ ಸರಿಯಾದ ವಿವರಗಳು ಬಹಳ ಹೆಚ್ಚಿದ್ದು ಕಂಡಿತು. ಜತೆಗೆ ತಪ್ಪುಗಳೂ ತುಸು ಹೆಚ್ಚಿದ್ದವು. ಅಂದರೆ ಇದು ತನಿಖೆಗೆ ಸುಳಿವು ಕೊಡುವ ಸಾಧನ, ಸತ್ಯಕ್ಕೆ ಮುದ್ರೆಯಲ್ಲ.

ಪೇಟೆ ಚಿಕ್ಕದಾದಷ್ಟೂ ಇನ್ನೊಂದು ತೊಡಕು ದೊಡ್ಡದು. ಪೊಲೀಸರು ಬರುವ ಮೊದಲೇ ಸುದ್ದಿ ಹೋಟೆಲು, ಸೊಸೈಟಿ, ಹಾಲಿನ ಡೇರಿ ಸುತ್ತಿ ಬಂದಿರುತ್ತದೆ. ಫಿಯೋನಾ ಗ್ಯಾಬರ್ಟ್ ಮತ್ತು ಸಂಗಡಿಗರ 2003ರ ಪ್ರಯೋಗದಲ್ಲಿ, ಜತೆ ಸಾಕ್ಷಿಯೊಡನೆ ಮಾತಾಡಿದವರಲ್ಲಿ ಶೇ 71 ಮಂದಿ ತಾವು ಕಾಣದ್ದನ್ನೂ ಕಂಡೆವೆಂದರು. ಹೀಗೆ ಊರೆಲ್ಲ ಸೇರಿ ಕಟ್ಟಿದ ಕಥೆಯನ್ನು ಕಣ್ಣು ಮುಚ್ಚಿಸಿ ಕೇಳಿದರೂ ಬರುವುದು ಊರಿನ ಕಥೆಯೇ.

ನಮ್ಮಲ್ಲಿ ಅದಕ್ಕಿಂತ ದೊಡ್ಡ ಅಡ್ಡಿ ಹೇಳಿಕೆ ಬರೆದುಕೊಳ್ಳುವ ರೀತಿ. ವಕೀಲರ ಬಾಯಲ್ಲಿ ಇನ್ನೂ ‘161’ ಆಗಿಯೇ ಉಳಿದಿರುವ ಪೊಲೀಸ್ ಹೇಳಿಕೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಮಿನದು. ಕೃಷಿಕನಾಗಲಿ, ಬಸ್ ಕಂಡಕ್ಟರ್ ಆಗಲಿ, ಕಾಗದದ ಮೇಲೆ ಎಲ್ಲರೂ “ನೋಡಿರುತ್ತೇನೆ, ತಿಳಿದಿರುತ್ತೇನೆ” ಎಂದೇ ಮಾತಾಡುತ್ತಾರೆ. “ಬಹುಶಃ”, “ಸರಿಯಾಗಿ ಕಾಣಲಿಲ್ಲ” ಎಂಬ ಮಾತುಗಳು ಈ ಠಾಣೆಗನ್ನಡದಲ್ಲಿ ಅಳಿಸಿಹೋಗುತ್ತವೆ. ಆ ಹೇಳಿಕೆಗೆ ಸಾಕ್ಷಿಯ ಸಹಿಯೂ ಇರುವುದಿಲ್ಲ. ವರ್ಷಗಳ ನಂತರ ಪಾಟೀ ಸವಾಲಿನಲ್ಲಿ ಅದೇ ಕಾಗದ ಹಿಡಿದು, “ಅಂದು ಖಚಿತವಾಗಿ ಹೇಳಿದ್ದಿರಲ್ಲ?” ಎನ್ನುತ್ತಾರೆ. ಎಷ್ಟೇ ಚೆನ್ನಾಗಿ ಕೇಳಿದರೂ ಬರೆಯುವುದು ಹೀಗೇ ಆದರೆ ಫಲವಿಲ್ಲ. ಹೇಳಿಕೆಯ ಆಡಿಯೊ, ವಿಡಿಯೊ ಮುದ್ರಣಕ್ಕೆ ಕಾನೂನಿನಲ್ಲಿ ಅವಕಾಶವಿದೆ, ಅದು ರೂಢಿಯಾಗಬೇಕು. ಆಗ ಯಾರು ಯಾವ ಪ್ರಶ್ನೆ ಹಾಕಿದರೆಂಬುದೂ ದಾಖಲಾಗುತ್ತದೆ.

ಬಾಯಿ ಬಿಡಿಸಲು ಸೂಜಿಮದ್ದನ್ನು ನಂಬಿದ ಕಾಲವೂ ಕರ್ನಾಟಕದಲ್ಲಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದಿತು. ಪ್ರಯೋಗಾಲಯಕ್ಕೆ ಸುರಿದ ಆಸಕ್ತಿಯ ಒಂದು ಪಾಲಾದರೂ ಠಾಣೆಯ ರೈಟರ್‌ಗೆ ಪ್ರಶ್ನೆ ಕೇಳುವುದನ್ನು ಕಲಿಸಲು ಹೋಗಿದ್ದರೆ ಲಾಭ ಹೆಚ್ಚಾಗುತ್ತಿತ್ತು. “ಏನೇನು ಕಂಡಿರಿ, ನಿಮ್ಮದೇ ಮಾತಲ್ಲಿ ಹೇಳಿ” ಎಂದು ಪೆನ್ನು ಕೆಳಗಿಟ್ಟು ಕೂರಲು ಸರ್ಕಾರಿ ಅನುದಾನ ಬೇಕಿಲ್ಲ.

ಇನ್ನೊಂದು ಉಪಾಯಕ್ಕೆ ಪೊಲೀಸರೂ ಬೇಡ. ಕಂಡದ್ದನ್ನು ಯಾರೊಡನೆಯೂ ಚರ್ಚಿಸುವ ಮೊದಲು ಸಾಕ್ಷಿ ತಾನೇ ಬರೆದಿಡುವ ಕ್ರಮವನ್ನು ಗ್ಯಾಬರ್ಟ್, ಲೊರೇನ್ ಹೋಪ್, ಫಿಶರ್ 2009ರಲ್ಲಿ ಪರೀಕ್ಷಿಸಿದರು, ಫಲ ಚೆನ್ನಾಗಿತ್ತು. ಕೂಡಲೇ ತಾನೇ ಬರೆದ ಟಿಪ್ಪಣಿ ನೋಡಿ ನೆನಪು ಮಾಡಿಕೊಳ್ಳಲು ನಮ್ಮ ಸಾಕ್ಷ್ಯ ಕಾನೂನೂ ಒಪ್ಪುತ್ತದೆ. ಎದುರು ವಕೀಲರು ಅದನ್ನು ಕೇಳಿ ನೋಡಬಹುದು. ಹಾಗಾಗಿ ಗಾಡಿ ಕಂಡವರು ಹೋಟೆಲಿಗೆ ಹೋಗುವ ಮೊದಲು ಬರೆಯಬೇಕು: ಗಂಟೆ, ಜಾಗ, ಬೆಳಕು, ಬಣ್ಣ. ಬಣ್ಣ ಗೊತ್ತಾಗಲಿಲ್ಲವೆಂದರೆ ಗೊತ್ತಾಗಲಿಲ್ಲ ಎಂದೇ ಬರೆಯಬೇಕು.